ಕೊಡಗಿನ ಬಾಸೆಲ್ ಮಿಷನ್ ಸಭೆಗಳ ಆರಂಭದ ಇತಿಹಾಸ ಉಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಆನಂದಪುರದ ಸಭೆಗಳ (ಪ್ರೊಟೆಸ್ಟೆಂಟ್ ಕ್ರೈಸ್ತ ಸಮುದಾಯಗಳ) ಹಳೆಯ ದಾಖಲೆ, ಫೋಟೊ, ಸಮಾಧಿ ಬರಹ ಮತ್ತು ಹಿರಿಯರ ನೆನಪುಗಳನ್ನು ಒಟ್ಟುಮಾಡುವ ಕೆಲಸಕ್ಕೆ ಕೈಹಾಕಿದ ಮೇಲೆ ಭಾನುವಾರದ ಆರಾಧನೆ ಮುಗಿಸಿ ಹೊರಬರುವಾಗಲೆಲ್ಲ ಯಾರಾದರೂ ಒಬ್ಬರು ತಡೆದು ಏನಾದರೂ ಕೇಳುತ್ತಾರೆ. ಅದೇ ಉತ್ತರವನ್ನು ಮತ್ತೆ ಮತ್ತೆ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇವೆ.

ಯಾವ ಸಭೆಗಳ ಇತಿಹಾಸ ಇದು?

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಕೊಡಗಿನಲ್ಲಿ ಕಟ್ಟಿದ ಸಭೆಗಳದ್ದು. ಇಂದು ಇವು ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐನ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿವೆ. ಪ್ರಾಂತದ ಕೇಂದ್ರ ಮಂಗಳೂರು. ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ನಮಗೆ ಬೇಕಾದದ್ದು ಮುಖ್ಯವಾಗಿ ಅದಕ್ಕಿಂತ ಹಿಂದಿನ ಸುಮಾರು ತೊಂಬತ್ತು ವರ್ಷಗಳ ಕಥೆ.

ವಿರಾಜಪೇಟೆಯ ಸಂತ ಅನ್ನಮ್ಮನ ಇಗರ್ಜಿ (ಚರ್ಚ್), ಮಡಿಕೇರಿ ಕೋಟೆಯೊಳಗಿನ ಇಗರ್ಜಿ ಇವೂ ನಮ್ಮವೇ ಅಲ್ಲವೆ?

ಅಲ್ಲ. ಈ ಗೊಂದಲ ಎಷ್ಟು ಹಬ್ಬಿದೆಯೆಂದರೆ ಸ್ಮರಣ ಸಂಚಿಕೆಗಳಲ್ಲೂ ನುಸುಳುತ್ತದೆ. ಸಂತ ಅನ್ನಮ್ಮನ ಇಗರ್ಜಿ ಕ್ಯಾಥೊಲಿಕ್ ಪರಂಪರೆಯದು. ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ ಕಾಲಕ್ಕೆ, 1792ಕ್ಕೆ, ಅದರ ಮೂಲ ಹೋಗುತ್ತದೆ. ಕೋಟೆಯೊಳಗಿನ ಸಂತ ಮಾರ್ಕನ ಇಗರ್ಜಿ 1859ರದು. ಬ್ರಿಟಿಷ್ ಅಧಿಕಾರಿಗಳು, ಸೈನಿಕರು ಕೂರುತ್ತಿದ್ದ ಆಂಗ್ಲಿಕನ್ ದೇವಾಲಯ ಅದು. ಈಗ ಸರಕಾರಿ ವಸ್ತುಸಂಗ್ರಹಾಲಯ. ಬಾಸೆಲ್ ಮಿಷನ್ ಸಭೆಯವರು ಅದೇ ಊರಿನಲ್ಲಿ, ಅದೇ ಕಾಲದಲ್ಲಿ, ಬೇರೆ ಕಡೆ ಕನ್ನಡದಲ್ಲಿ ಆರಾಧನೆ ಮಾಡುತ್ತಿದ್ದರು. ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದ ಕಥೆಯನ್ನೂ ಕೆಲವರು ನಮ್ಮ ಸಭೆಯ ಆರಂಭಕ್ಕೆ ಅಂಟಿಸುತ್ತಾರೆ. ಕಥೆ ನಿಜ, ಆದರೆ ಆನಂದಪುರದ ಕೂಲಿಯಾಳಿಗೂ ವಿಂಡ್ಸರ್ ಅರಮನೆಗೂ ಯಾವ ದಾರಿಯೂ ಇರಲಿಲ್ಲ.

ಬಾಸೆಲ್ ಮಿಷನ್ನನ್ನು ಉಜ್ಜೀವನ (ಭಕ್ತಿಗೆ ಹೊಸ ಜೀವ ತುಂಬುವ) ಚಳವಳಿ ಎಂದು ಕರೆಯುವುದೇಕೆ? ನಾವು ಹಾಗೆ ಕೈ ತಟ್ಟಿ ಹಾಡುವವರಲ್ಲವಲ್ಲ?

ಇಂದು ಆ ಮಾತು ಕೇಳಿದ ಕೂಡಲೇ ಪೆಂತೆಕೊಸ್ತ್ ಕೂಟ, ಧ್ವನಿವರ್ಧಕ, ರಾತ್ರಿ ಪ್ರಾರ್ಥನೆ ನೆನಪಾಗುತ್ತವೆ. ಬಾಸೆಲ್ ಮಿಷನ್ನಿನ ಹಿಂದಿರುವುದು ಬೇರೆ ತರಹದ, ಸದ್ದು ಕಡಿಮೆಯ ಉಜ್ಜೀವನ. ಜರ್ಮನಿಯ ವ್ಯುರ್ಟೆಂಬರ್ಗ್ ಮತ್ತು ಸ್ವಿಟ್ಜರ್ಲೆಂಡ್ ಕಡೆಯ ಹಳ್ಳಿಗಳಲ್ಲಿ ಪಯಟಿಸಂ ಎಂಬ ಕ್ರೈಸ್ತ ಭಕ್ತಿಪಂಥದ ಮನೆಕೂಟಗಳು ನಡೆಯುತ್ತಿದ್ದವು. ರೈತರು, ನೇಕಾರರು, ಬಡಗಿಗಳು ಮನೆಯೊಂದರಲ್ಲಿ ಸೇರಿ ಬೈಬಲ್ ಓದಿ, ವೈಯಕ್ತಿಕ ಮನಪರಿವರ್ತನೆಯನ್ನು ಒತ್ತಿ ಹೇಳುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಗೆ ಹೊಸ ಕಸುವು ಪಡೆದ ಆ ಅಲೆಯಿಂದ 1815ರಲ್ಲಿ ಬಾಸೆಲ್ ನಗರದಲ್ಲಿ ಈ ಸಂಸ್ಥೆ ಹುಟ್ಟಿತು. ನಮ್ಮಲ್ಲಿಗೆ ಬಂದ ಮಿಷನರಿಗಳಲ್ಲಿ ಬಹಳ ಮಂದಿ ಆ ಹಳ್ಳಿಗಳವರೇ.

ದಾಖಲೆಗಳ ಸ್ವರೂಪ ಅರ್ಥವಾಗಬೇಕಾದರೆ ಈ ಹಿನ್ನೆಲೆ ಬೇಕು. ಒಳಗಿನ ಬದುಕು ಬದಲಾಯಿತೆ ಎಂಬುದೇ ಅವರ ದೊಡ್ಡ ಪ್ರಶ್ನೆ. ಆದ್ದರಿಂದಲೇ ಅವರ ಬರವಣಿಗೆಯ ತುಂಬ ಯಾರು ಕುಡಿತ ಬಿಟ್ಟರು, ಯಾರು ಮತ್ತೆ ಹಿಡಿದರು, ಯಾರನ್ನು ಕರ್ತನ ರಾತ್ರಿಭೋಜನದಿಂದ ದೂರ ಇಟ್ಟರು, ಯಾರು ತಪ್ಪೊಪ್ಪಿಕೊಂಡು ಮರಳಿದರು ಎಂಬಂಥ ವಿವರಗಳು. ಅವರಿಗೆ ಅದು ಆತ್ಮಗಳ ಲೆಕ್ಕ. ಇತಿಹಾಸ ಹುಡುಕುವ ನಮಗೆ ಮಾತ್ರ ಬೇರೆ ಯಾವ ಸರಕಾರಿ ಕಡತದಲ್ಲೂ ಸಿಗದ, ಸಾಮಾನ್ಯರ ದಿನನಿತ್ಯದ ಬದುಕು ಅದರಲ್ಲಿ ಸಿಗುತ್ತದೆ.

ಹಾಗಾದರೆ ನಾವು ಲೂಥರನ್ನರೆ?

ಹಳೆಯ ಇಂಗ್ಲಿಷ್ ಗ್ಯಾಸೆಟಿಯರ್‌ಗಳು ಹಾಗೆಂದು ಬರೆದಿವೆ. ವಾಸ್ತವದಲ್ಲಿ ಲೂಥರನ್, ರಿಫಾರ್ಮ್ಡ್ ಎಂಬ ಎರಡೂ ಪ್ರೊಟೆಸ್ಟೆಂಟ್ ಪಂಗಡದವರು ಬಾಸೆಲ್ ಮಿಷನ್ನಿನಲ್ಲಿ ಒಟ್ಟಿಗೆ ಇದ್ದರು.

ಕೊಡಗಿನಲ್ಲಿ ಮೊದಲ ಸಭೆ ಹೇಗೆ ಶುರುವಾಯಿತು?

ಇಂಗ್ಲಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯಿದೆ. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಲಬಾರ್ ಕರಾವಳಿಯಲ್ಲಿ ಇಳಿದು ಮಂಗಳೂರಿಗೆ ಬಂದರು. ಕಾಕತಾಳೀಯವೆಂದರೆ ಕೊಡಗು ಬ್ರಿಟಿಷರ ಕೈಸೇರಿದ್ದೂ 1834ರಲ್ಲೇ. ಆದರೂ ಘಟ್ಟ ಹತ್ತಲು ಮಿಷನ್‌ಗೆ ಎರಡು ದಶಕ ಹಿಡಿಯಿತು.

1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಕನ್ನಡಿಗರೆಲ್ಲರಿಗೂ ಪರಿಚಿತ ಹೆಸರು. 1850ರ ದಶಕದ ಆರಂಭದಲ್ಲಿ ಅವರನ್ನು ಹುಡುಕಿಕೊಂಡು ಬಂದವನು ಅಲ್ಮಂಡ ಸೋಮಯ್ಯ ಎಂಬ ಕೊಡವ; ಸಂನ್ಯಾಸಿಯ ವೇಷದಲ್ಲಿ ಅಲೆದಾಡಿದ್ದವನು. ದೀಕ್ಷಾಸ್ನಾನ ಪಡೆದು ಸ್ತೆಫನ ಎಂಬ ಹೆಸರಿಟ್ಟುಕೊಂಡ. ಊರಿಗೆ ಮರಳಿದಾಗ ತನ್ನವರಿಂದ ಅವನಿಗೆ ಸಿಕ್ಕಿದ್ದು ಬಹಿಷ್ಕಾರ. ಮೋಗ್ಲಿಂಗ್ ಅವನ ಜೊತೆ 1853ರಲ್ಲಿ ಕೊಡಗಿಗೆ ಬಂದು ನೆಲೆಸಿದರು. ಎರಡು ವರ್ಷಗಳ ನಂತರ ಕೊಡಗಿನ ಬಗ್ಗೆ, ಇಲ್ಲಿನ ಮಿಷನ್ ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕ ಬೆಂಗಳೂರಿನಲ್ಲಿ ಅಚ್ಚಾಯಿತು. 1860ರಲ್ಲಿ ಭಾರತ ಬಿಟ್ಟು ಹೋದವರು ಮತ್ತೆ ಬರಲಿಲ್ಲ.

ಇಲ್ಲಿಯವರೆಗಿನದು ಎಲ್ಲರ ಬಾಯಲ್ಲೂ ಇರುವ ಕಥೆ. ಕೊಡವ ಮನೆತನದ ಗಂಡಸು, ಜರ್ಮನ್ ಪಂಡಿತ, ಕುದುರೆ, ಕಾಡು, ಮಳೆ. ಹೇಳಲಿಕ್ಕೂ ಚೆನ್ನ, ಕೇಳಲಿಕ್ಕೂ ಚೆನ್ನ. ಸಭೆ ಎಂದು ಎಣಿಸುವಷ್ಟು ಜನ ಸೇರಿದ್ದು ಮಾತ್ರ ಬೇರೆ ಕಡೆಯಿಂದ. ಅಂದಿನ ವರದಿಗಳಲ್ಲಿ ಹೊಲೆಯರು ಎಂದು ಕರೆಯಲಾದ, ಕೊಡವ ಮನೆತನಗಳ ವಂಶಪಾರಂಪರ್ಯದ ಜಮ್ಮ ಭೂಮಿಯ ಜೊತೆಯಲ್ಲೇ ಕೈಬದಲಾಗುತ್ತಿದ್ದ ಜೀತದಾಳುಗಳ ಕುಟುಂಬಗಳವರು ಅವರು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ 1843ರಲ್ಲೇ ಹೋಗಿತ್ತು. ಗದ್ದೆಯ ಬದುವಿನ ಮೇಲೆ ಅದು ಅಷ್ಟು ಬೇಗ ಇಳಿದು ಬರಲಿಲ್ಲ. ಅಮ್ಮತ್ತಿ–ಸಿದ್ದಾಪುರ ಕಡೆ ಅವರಿಗಾಗಿ ಮಾಡಿದ ಕೃಷಿ ನೆಲೆಯೇ ಆನಂದಪುರ. ಕಾಡು ಕಡಿದವರು, ಗದ್ದೆ ಮಾಡಿದವರು, ಕಾಫಿ ನೆಟ್ಟವರು, ಮೊದಲ ಆರಾಧನೆಗೆ ನೆಲದ ಮೇಲೆ ಕೂತವರು ಎಲ್ಲ ಇವರೇ.

ಸೋಮಯ್ಯನ ಹೆಸರು ಹತ್ತು ಪುಸ್ತಕಗಳಲ್ಲಿದೆ. ಆನಂದಪುರದ ಮೊದಲ ಕುಟುಂಬಗಳ ಹೆಸರು ಹುಡುಕಬೇಕಾದರೆ ದೀಕ್ಷಾಸ್ನಾನದ ದಾಖಲೆ ಪುಸ್ತಕ, ಬಾಸೆಲ್‌ಗೆ ಹೋದ ವರದಿ, ಸಮಾಧಿ ಗುಡ್ಡೆ ಮತ್ತು ಮೊಮ್ಮಕ್ಕಳ ಮೊಮ್ಮಕ್ಕಳ ನೆನಪು ಇಷ್ಟೇ ಗತಿ. ಈ ಕೆಲಸ ಶುರುವಾದದ್ದೇ ಆ ಹೆಸರುಗಳಿಗಾಗಿ.

ಮಿಷನರಿಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಇನ್ನೇನು ಉಳಿದಿದೆ?

ಮಿಷನರಿಗಳ ಬಗ್ಗೆ ಹೆಚ್ಚೇನೂ ಉಳಿದಿಲ್ಲ. ಮೋಗ್ಲಿಂಗ್, 1870ರಲ್ಲಿ ಕೊಡಗಿನ ಕೈಪಿಡಿ ಬರೆದ ಮಡಿಕೇರಿ ಶಾಲೆಯ ಮುಖ್ಯಸ್ಥ ರಿಕ್ಟರ್, ನಿಘಂಟಿನ ಕಿಟ್ಟೆಲ್, ಇವರಿಗೆ ಪ್ರತಿಮೆ, ರಸ್ತೆ ಹೆಸರು, ಸಂಶೋಧನ ಪ್ರಬಂಧ ಯಾವುದಕ್ಕೂ ಕೊರತೆಯಿಲ್ಲ. ಹುಡುಕುತ್ತಿರುವುದು ಉಪದೇಶಿಗಳನ್ನು. ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು, ಜಿಗಣೆ ಕಡಿಸಿಕೊಂಡು, ತೋಟದಿಂದ ತೋಟಕ್ಕೆ ನಡೆದು, ಭಾನುವಾರ ಪ್ರಸಂಗ ಮಾಡಿ, ಸೋಮವಾರ ಶಾಲೆ ನಡೆಸಿದವರು. ಅವರ ಹೆಂಡತಿಯರು ಹುಡುಗಿಯರಿಗೆ ಹೊಲಿಗೆ, ಓದು ಕಲಿಸಿದರು. ವರದಿಗಳಲ್ಲಿ ಇವರು ಬಹಳ ಸಲ ‘ಉಪದೇಶಿ’ ಅಥವಾ ‘ಉಪದೇಶಿಯ ಹೆಂಡತಿ’ ಎಂದಷ್ಟೇ ಕಾಣಿಸಿಕೊಳ್ಳುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರೊಬ್ಬರ ದಿನಚರಿ, ನೇಮಕಪತ್ರ, ಒಂದು ಕಾಗದ ಇದ್ದರೂ ಅದು ಮೋಗ್ಲಿಂಗರ ಹಸ್ತಾಕ್ಷರಕ್ಕಿಂತ ಹೆಚ್ಚು ಬೆಲೆಯದು.

ಎಲ್ಲ ದಾಖಲೆಯೂ ಸ್ವಿಟ್ಜರ್ಲೆಂಡಿನಲ್ಲಿ ಭದ್ರವಾಗಿದೆಯಂತಲ್ಲ. ಇಲ್ಲಿನ ಹರಕು ಪುಸ್ತಕ ಯಾಕೆ ಬೇಕು?

ಬಾಸೆಲ್‌ನ ಪತ್ರಾಗಾರ ಅದ್ಭುತ ಎಂಬುದರಲ್ಲಿ ಎರಡು ಮಾತಿಲ್ಲ. ಮಿಷನರಿಗಳು ಕಳುಹಿಸುತ್ತಿದ್ದ ಕೈಬರಹದ ವರದಿಗಳು, ಪತ್ರಗಳು, ನಕ್ಷೆಗಳು, ಫೋಟೊಗಳು ಅಲ್ಲಿ ಅಚ್ಚುಕಟ್ಟಾಗಿವೆ. ಈಗ ಮಿಷನ್ 21 ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಹಳೆಯ ಫೋಟೊಗಳಲ್ಲಿ ಬಹಳಷ್ಟನ್ನು ಅಂತರ್ಜಾಲದಲ್ಲೇ ನೋಡಬಹುದು.

ಆದರೆ ಅಲ್ಲಿಗೆ ಹೋದದ್ದು ಮೇಲಧಿಕಾರಿಗಳು ಓದಲೆಂದು ಬರೆದದ್ದು. ಮೇಲಧಿಕಾರಿಗಳಿಗೆ ಏನು ಬರೆಯುತ್ತಾರೆ, ಏನು ಬಿಡುತ್ತಾರೆ ಎಂದು ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಭೆಯ ಲೆಕ್ಕ ಪುಸ್ತಕ, ಹಿರಿಯರ ಕೂಟದ ನಡವಳಿ, ಬಡವರ ನಿಧಿಯ ಚೀಟಿ, ಶಾಲೆಯ ಹಾಜರಿ ಇವೆಲ್ಲ ಇಲ್ಲೇ ಉಳಿದವು.

ಇನ್ನೊಂದು ಕಾರಣ ಮೊದಲ ಮಹಾಯುದ್ಧ. 1914ರ ನಂತರ ಜರ್ಮನ್ ಮಿಷನರಿಗಳು ಶತ್ರುದೇಶದವರಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು, ಆಮೇಲೆ ‘ಗೋಲ್ಕೊಂಡ’ ಎಂಬ ಹಡಗು ಹತ್ತಿಸಿ ಊರಿಗೆ ಕಳುಹಿಸಿದರು. ಬಾಸೆಲ್‌ಗೆ ಹೋಗುತ್ತಿದ್ದ ವರದಿಗಳ ಹರಿವು ಅಲ್ಲಿಗೆ ಬತ್ತಿತು. ಸಭೆಯನ್ನು ಎತ್ತಿ ನಿಲ್ಲಿಸುವ ಹೊಣೆ ಇಲ್ಲಿನ ಅಯ್ಯನವರು (ಪಾದ್ರಿಗಳು) ಮತ್ತು ಹಿರಿಯರ ಹೆಗಲಿಗೆ ಬಿತ್ತು. ಆ ವರ್ಷಗಳಿಗೆ ನಮ್ಮ ಹರಕು ಪುಸ್ತಕಗಳೇ ಮೊದಲ ಸಾಕ್ಷಿ.

ಹಳೆಯ ವರದಿಗಳು ಜರ್ಮನ್ ಭಾಷೆಯಲ್ಲಿವೆ. ಓದುವವರು ಯಾರು?

ಜರ್ಮನ್ ಬಲ್ಲವರಿಗೂ ಅವು ಸಲೀಸಲ್ಲ. ಕುರೆಂಟ್ ಎಂಬ ಹಳೆಯ ಕೈಬರಹ ಅದು. ಜರ್ಮನಿಯ ಶಾಲೆಗಳಲ್ಲಿ 1941ರಿಂದ ಕಲಿಸುವುದನ್ನೇ ನಿಲ್ಲಿಸಿದರು. ಆದರೆ ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಈಗ ಅದನ್ನು ಸುಮಾರಾಗಿ ಓದಿ ಮುದ್ರಿತ ಅಕ್ಷರಕ್ಕೆ ಇಳಿಸುತ್ತದೆ. ಯಂತ್ರ ಎಡವುವ ಜಾಗ ನಮಗೆ ಗೊತ್ತು: ನಮ್ಮ ಊರು, ಮನೆತನಗಳ ಹೆಸರುಗಳು. ‘ಅಮ್ಮತ್ತಿ’, ‘ಬೇಟೋಳಿ’, ‘ಕುಟ್ಟ’ ಬಂದ ಕೂಡಲೇ ಅದು ಏನೋ ಒಂದು ಜರ್ಮನ್ ಪದ ತಂದು ಕೂರಿಸುತ್ತದೆ. ಅಲ್ಲಿ ನೀವು ಬೇಕು. ನಾಡು, ಗ್ರಾಮ, ಮನೆತನಗಳ ಹೆಸರು ತಿಳಿದವರು ಪಕ್ಕದಲ್ಲಿ ಕೂತರೆ ಜರ್ಮನ್ ಒಂದಕ್ಷರ ಬಾರದಿದ್ದರೂ ಅರ್ಧ ಕೆಲಸ ಮುಗಿಯುತ್ತದೆ.

ನಮ್ಮ ಮನೆಯಲ್ಲಿರುವುದು ಒಂದು ಹಳೆಯ ಬೈಬಲ್ ಮಾತ್ರ. ಅದರಿಂದ ಏನು ಪ್ರಯೋಜನ?

ಮೊದಲ ಖಾಲಿ ಹಾಳೆ ತೆಗೆದು ನೋಡಿ. ಹುಟ್ಟು, ಮದುವೆ, ಮರಣಗಳನ್ನು ಅಲ್ಲಿ ಬರೆದಿಡುವ ರೂಢಿ ಇತ್ತು. ಮುದ್ರಿತ ಬೈಬಲ್ ಅದೇ ಅಚ್ಚಿನದು ಎಲ್ಲೆಡೆ ಸಿಗುತ್ತದೆ. ಆ ಹಾಳೆ ಲೋಕದಲ್ಲಿ ಒಂದೇ. ಹಾಡಿನ ಪುಸ್ತಕವನ್ನೂ ಕೊಡವಿ ನೋಡಿ. ಮಂಗಳೂರಿನ ಬಲ್ಮಠದ ಮುದ್ರಣಾಲಯದಲ್ಲಿ 1841ರಿಂದ ಅಚ್ಚಾಗುತ್ತ ಬಂದ ಪುಸ್ತಕಗಳ ನಡುವೆ ದೃಢೀಕರಣದ (ಸಭೆಯ ಪೂರ್ಣ ಸದಸ್ಯರಾಗುವ ವಿಧಿಯ) ವಚನಪತ್ರ, ಕಾಣಿಕೆ ಚೀಟಿ, ಒಣಗಿದ ಹೂವು, ಕೂಲಿ ಚೀಟಿ ಏನು ಬೇಕಾದರೂ ಇರಬಹುದು. ಸಿಕ್ಕಿದ್ದನ್ನು ಯಾವ ಪುಟದ ನಡುವೆ ಇತ್ತೋ ಅಲ್ಲೇ ಬಿಟ್ಟು ಮೊದಲು ಒಂದು ಫೋಟೊ ತೆಗೆಯಿರಿ. ‘ಹಳೆಯ ರದ್ದಿ’ ಎಂದು ನೀವು ತೀರ್ಮಾನಿಸುವ ಮೊದಲು ನಮಗೆ ಒಂದು ಮಾತು ತಿಳಿಸಿ. ತೋಟದ ಚೆಕ್‌ರೋಲ್ (ಆಳುಗಳ ಹಾಜರಿ–ಕೂಲಿ ಪುಸ್ತಕ) ಕೂಡ ನಮಗೆ ಬೇಕು: ಆನಂದಪುರದ ಬದುಕು ತಿಳಿಯಬೇಕಾದರೆ ದಿನಗೂಲಿ ಎಷ್ಟಿತ್ತೆಂದೂ ತಿಳಿಯಬೇಕಲ್ಲ.

ಕೊಡಗಿನ ಮಳೆಯಲ್ಲಿ ಕಾಗದ ಉಳಿಸುವುದು ಸಾಧ್ಯವೆ?

ಕಷ್ಟ, ಆದರೆ ಸಾಧ್ಯ. ನೂರೈವತ್ತು ವರ್ಷ ಏನೂ ಮಾಡದೆಯೇ ಎಷ್ಟೋ ಕಾಗದ ಉಳಿದಿದೆ.

ಮಡಿಕೇರಿಯಲ್ಲಿ ವರ್ಷಕ್ಕೆ ಸರಿಸುಮಾರು 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮನೆಯಲ್ಲಿ ಪುಸ್ತಕ ಹೇಗೆ ಒಣಗಿರಬೇಕು? ಗಾಳಿಯ ತೇವ ನೂರಕ್ಕೆ 65 ದಾಟಿ ಹಲವು ದಿನ ನಿಂತರೆ ಬೂಷ್ಟು ಏಳುತ್ತದೆ. ನಮ್ಮಲ್ಲಿ ಆಟಿ (ಜುಲೈ–ಆಗಸ್ಟ್) ತಿಂಗಳಿಡೀ ಅದು ದಾಟಿಯೇ ಇರುತ್ತದೆ.

ಮೊದಲನೆಯದಾಗಿ ಜಾಗ. ಹೊರಗೋಡೆಗೆ ತಾಗಿದ ಬೀರು ಬೇಡ, ಗೋಡೆ ಬೆವರುತ್ತದೆ. ನೆಲದಿಂದ ಒಂದು ಅಡಿ ಮೇಲೆ, ಒಳಗೋಡೆಯ ಕಡೆ, ಬೀರುವಿನ ಹಿಂದೆ ಗಾಳಿ ಆಡುವಂತೆ ಇಡಿ. ಕಾಫಿ, ಕರಿಮೆಣಸು ತುಂಬಿದ ಉಗ್ರಾಣದಲ್ಲಂತೂ ಬೇಡವೇ ಬೇಡ. ಒಂದು ಸಭೆಯ ನಡವಳಿ ಪುಸ್ತಕವನ್ನು ‘ಭದ್ರವಾಗಿರಲಿ’ ಎಂದು ಕಾಫಿ ಮೂಟೆಗಳ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಕೈಗೆ ಬಂದಾಗ ರಟ್ಟು ಗಟ್ಟಿಯಾಗಿಯೇ ಇತ್ತು. ತೆರೆದರೆ ಒಳಗಿನ ಹಾಳೆಗಳ ನಡುಭಾಗವನ್ನು ಗೆದ್ದಲು ತಿಂದು ಅಂಚು ಮಾತ್ರ ಚೌಕಟ್ಟಿನಂತೆ ಬಿಟ್ಟಿತ್ತು. ಪ್ರತಿ ಪುಟದಲ್ಲೂ ತಾರೀಖು ಇದೆ, ಕೊನೆಯಲ್ಲಿ ಸಹಿ ಇದೆ, ನಡುವೆ ಏನು ತೀರ್ಮಾನವಾಯಿತೆಂಬುದು ಮಾತ್ರ ಇಲ್ಲ.

ಎರಡನೆಯದು ಪ್ಲಾಸ್ಟಿಕ್ ಚೀಲ. ಒಣಗಿದ ಕಾಗದವನ್ನು ಬೇಸಗೆಯಲ್ಲಿ ಗಾಳಿಯಾಡದ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಇಟ್ಟರೆ ಒಳ್ಳೆಯದೇ. ಜುಲೈಯಲ್ಲಿ ತೇವದ ಪುಸ್ತಕವನ್ನು ಚೀಲಕ್ಕೆ ತುರುಕಿ ಗಂಟು ಹಾಕಿದರೆ ಬೂಷ್ಟಿಗೆ ನೀವೇ ಮನೆ ಕಟ್ಟಿಕೊಟ್ಟಂತೆ. ಆದ್ದರಿಂದ ಡಬ್ಬಿಗೆ ತುಂಬುವ ಕೆಲಸ ಫೆಬ್ರವರಿ–ಮಾರ್ಚ್‌ನಲ್ಲಿ ಮುಗಿಯಲಿ. ಸಿಲಿಕಾ ಜೆಲ್ ನೀರು ಕುಡಿದ ಮೇಲೆ ಕೆಲಸ ಮಾಡುವುದಿಲ್ಲ; ಬಣ್ಣ ಬದಲಾಗುವ ಬಗೆಯದನ್ನು ಕೊಂಡರೆ ಅದು ಯಾವಾಗ ಎಂದು ತಿಳಿಯುತ್ತದೆ, ಬಿಸಿಮಾಡಿ ಮತ್ತೆ ಬಳಸಬಹುದು.

ಪುಸ್ತಕ ನೆನೆದೇ ಹೋದರೆ ಬಿಸಿಲಿಗೆ ಹರಡಬೇಡಿ, ಒಲೆಯ ಮೇಲೆ ತೂಗುಹಾಕಬೇಡಿ. ನೆರಳಲ್ಲಿ ಫ್ಯಾನ್ ಗಾಳಿಗೆ ನಿಲ್ಲಿಸಿ, ನಾಲ್ಕಾರು ಹಾಳೆಗೊಮ್ಮೆ ಅಚ್ಚಿಲ್ಲದ ಹೀರುಕಾಗದ ಇಟ್ಟು ಬದಲಿಸುತ್ತ ಇರಿ. ಒಂದೆರಡು ದಿನದಲ್ಲಿ ಒಣಗಿಸಲು ಆಗದಷ್ಟು ರಾಶಿ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡೀಪ್ ಫ್ರೀಜರ್‌ಗೆ ಹಾಕಿ. ನಗಬೇಡಿ, ಪತ್ರಾಗಾರಗಳಲ್ಲೂ ಇದನ್ನೇ ಮಾಡುತ್ತಾರೆ. ಹೆಪ್ಪುಗಟ್ಟಿದ ಮೇಲೆ ಬೂಷ್ಟು ಬೆಳೆಯುವುದಿಲ್ಲ, ಯೋಚಿಸಲು ಸಮಯ ಸಿಗುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡವೇ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ಅಂಥ ಹೊತ್ತಿನಲ್ಲಿ ಸಭೆಯ ದಾಖಲೆ ಯಾರ ಕೈಯಲ್ಲಿ ಹೊರಬರಬೇಕು, ಬೀಗದ ಕೈ ಯಾರಲ್ಲಿದೆ ಎಂದು ಈಗಲೇ ತೀರ್ಮಾನಿಸಿ ಒಂದು ಹಾಳೆಯಲ್ಲಿ ಬರೆದು ಅಂಟಿಸಿ.

ಲ್ಯಾಮಿನೇಷನ್ ಮಾಡಿಸಿದರೆ ಶಾಶ್ವತವಾಗಿ ಉಳಿಯುತ್ತದಲ್ಲ?

ದಯವಿಟ್ಟು ಬೇಡ. ಬಿಸಿ ಅಂಟು ಕಾಗದದೊಳಗೆ ಇಳಿದ ಮೇಲೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪ್, ಫೆವಿಕಾಲ್, ಸ್ಟೇಪ್ಲರ್ ಪಿನ್ ಇವಕ್ಕೂ ಇದೇ ಉತ್ತರ. ಗುರುತು ಹಾಕಬೇಕಾದರೆ ಮೆದುವಾದ ಪೆನ್ಸಿಲ್, ಅದೂ ಅಂಚಿನಲ್ಲಿ.

ಮೊಬೈಲ್‌ನಲ್ಲಿ ಫೋಟೊ ತೆಗೆದರೆ ಸಾಕೆ, ಸ್ಕ್ಯಾನರ್ ಬೇಕೆ?

ಮೊಬೈಲ್ ಧಾರಾಳವಾಗಿ ಸಾಕು. ಹಳೆಯ ದಪ್ಪ ಪುಸ್ತಕವನ್ನು ಸ್ಕ್ಯಾನರ್ ಗಾಜಿನ ಮೇಲೆ ಒತ್ತಿ ಬೆನ್ನು ಮುರಿಯುವುದಕ್ಕಿಂತ ಮೇಲಿನಿಂದ ಫೋಟೊ ತೆಗೆಯುವುದೇ ಲೇಸು. ಕಿಟಕಿಯ ಬೆಳಕು ಬಳಸಿ, ಫ್ಲ್ಯಾಶ್ ಬೇಡ. ಪುಟದ ನಾಲ್ಕೂ ಮೂಲೆ ಕಾಣಲಿ. ಖಾಲಿ ಪುಟವನ್ನೂ ರಟ್ಟನ್ನೂ ಬಿಡದೆ ತೆಗೆಯಿರಿ. ಮುಂದೆ ನೋಡುವವರಿಗೆ ಪುಟ ತಪ್ಪಿಹೋಗಿದೆಯೋ ಖಾಲಿ ಇತ್ತೋ ತಿಳಿಯಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳುಹಿಸಿದರೆ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಒಂದು ಪ್ರತಿ ಸಭೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ, ಮತ್ತೊಂದು ಅಂತರ್ಜಾಲದ ಖಾತೆಯಲ್ಲಿ ಇರಲಿ. ಫೋಟೊ ಆಯಿತೆಂದು ಮೂಲ ಪುಸ್ತಕವನ್ನು ಎಸೆಯುವವರನ್ನೂ ಕಂಡಿದ್ದೇವೆ. ಅವರಿಗೆ ಹೇಳಲು ಇಲ್ಲಿ ಬರೆಯಬಹುದಾದ ಮಾತು ಸಿಗುವುದಿಲ್ಲ.

ಸಮಾಧಿ ಕಲ್ಲುಗಳ ಮೇಲೆ ಪಾಚಿ ಕಟ್ಟಿದೆ. ತಿಕ್ಕಿ ತೊಳೆಯಬಹುದೆ?

ತಂತಿ ಬ್ರಷ್, ಆ್ಯಸಿಡ್, ಬ್ಲೀಚಿಂಗ್ ಪುಡಿ ಯಾವುದೂ ಕಲ್ಲಿನ ಹತ್ತಿರ ಸುಳಿಯಬಾರದು. ಬರೀ ನೀರು, ಮೆತ್ತನೆಯ ಬ್ರಷ್. ಪಾಚಿ ಬಿಗಿಯಾಗಿದ್ದರೆ ಬಿಟ್ಟುಬಿಡಿ. ಅದರ ಜೊತೆ ಕಲ್ಲಿನ ಪದರವೂ ಏಳುತ್ತದೆ. ಸವೆದ ಬರಹ ಓದಲು ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಮರದ ನೆರಳಿದ್ದರೆ ಒಬ್ಬರು ಕನ್ನಡಿ ಹಿಡಿದು ಬೆಳಕನ್ನು ಪಕ್ಕದಿಂದ ಹಾಯಿಸಿದರೆ ನಡುಹಗಲಲ್ಲೂ ಅಕ್ಷರ ಎದ್ದು ಕಾಣುತ್ತವೆ. ಕಲ್ಲಿಲ್ಲದ ಮಣ್ಣಿನ ಗುಡ್ಡೆಗಳನ್ನೂ ನಕ್ಷೆಯಲ್ಲಿ ಗುರುತಿಸಿ. ಬಿಳಿಯ ದೊರೆಗಳಿಗೆ ಅಮೃತಶಿಲೆ ಸಿಕ್ಕಿತು, ಕೂಲಿಯವರಿಗೆ ಸಿಕ್ಕಿದ್ದು ತಲೆಯ ಕಡೆ ನೆಟ್ಟ ಒಂದು ಕಾಡುಕಲ್ಲು. ಅದನ್ನು ‘ಸ್ವಚ್ಛತಾ ಅಭಿಯಾನ’ದ ದಿನ ಕಿತ್ತು ಬೇಲಿಗೆ ಪೇರಿಸಿದರೆ ಒಂದು ಕುಟುಂಬದ ಕೊನೆಯ ಗುರುತು ಹೋಯಿತು.

ತಾರೀಖಿನ ಬದಲು ಸಂವತ್ಸರದ ಹೆಸರು ಮಾತ್ರ ಇದೆ. ವರ್ಷ ಹೇಗೆ ತಿಳಿಯುವುದು?

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ ಎಂದಿದ್ದರೆ 1867–68 ಇರಬಹುದು, 1927–28 ಕೂಡ ಇರಬಹುದು. ಕಾಗದ, ಮಸಿ, ಸಹಿ ಮಾಡಿದ ಅಯ್ಯನವರ ಸೇವಾವಧಿ ನೋಡಿ ನಿರ್ಧರಿಸಬೇಕು. ನಿಮ್ಮ ಊಹೆಯನ್ನು ಮೂಲದ ಮೇಲೆ ಬರೆಯಬೇಡಿ.

ದೀಕ್ಷಾಸ್ನಾನದ ಪುಸ್ತಕದಲ್ಲಿ ಜಾತಿಯ ಕಲಂ ಇದೆ. ಅದನ್ನು ಎಲ್ಲರಿಗೂ ತೋರಿಸುತ್ತೀರಾ?

ಈ ಪ್ರಶ್ನೆ ಕೇಳುವಾಗ ಜನ ದನಿ ತಗ್ಗಿಸುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಇದು.

ಹಳೆಯ ದಾಖಲೆ ಪುಸ್ತಕದ ಒಂದು ಸಾಲು ಹೇಗಿರುತ್ತದೆ ನೋಡಿ. ಕ್ರಮಸಂಖ್ಯೆ, ತಾರೀಖು, ಹೊಸ ಹೆಸರು, ಹಳೆಯ ಹೆಸರು, ತಂದೆ ತಾಯಿ, ವಯಸ್ಸು ‘ಸುಮಾರು ಮೂವತ್ತು’, ಊರು, ಜಾತಿ, ದೀಕ್ಷಾಸ್ನಾನ ಕೊಟ್ಟವರ ಸಹಿ. ಆ ಒಂದು ಗೆರೆಯಲ್ಲಿ ಮನುಷ್ಯನ ಹಳೆಯ ಹೆಸರೂ ಹೊಸ ಹೆಸರೂ ಅಕ್ಕಪಕ್ಕ ಕೂತಿರುತ್ತವೆ. ಮುಂದಿನ ತಲೆಮಾರಿನ ಪುಟಕ್ಕೆ ಬಂದರೆ ಜಾತಿಯ ಕಲಂನಲ್ಲಿ ‘ಕ್ರೈಸ್ತ’ ಎಂದಷ್ಟೇ ಇರುತ್ತದೆ. ಆ ಬದಲಾವಣೆಯೇ ಒಂದು ಇತಿಹಾಸ. ಅಳಿಸಿದರೆ ನಮ್ಮ ಪೂರ್ವಜರು ಎಲ್ಲಿಂದ ಎದ್ದು ಬಂದರೆಂಬುದನ್ನೇ ಅಳಿಸಿದಂತೆ. ಹಾಗೆಂದು ಅದನ್ನು ಅಂತರ್ಜಾಲದಲ್ಲಿ ಬಿಡುಬೀಸಾಗಿ ಹರಡಿದರೆ ಇಂದು ಬದುಕಿರುವವರ ಮದುವೆ, ನೆರೆಹೊರೆ, ನೆಮ್ಮದಿಗೆ ಕಲ್ಲು ಬೀಳಬಹುದು. ಸಭೆಯೊಳಗೂ ಜಾತಿಯ ಲೆಕ್ಕ ಸತ್ತಿಲ್ಲ ಎಂಬುದನ್ನು ಒಪ್ಪಿಕೊಳ್ಳದೆ ಈ ಮಾತಾಡುವುದು ಕಪಟವಾಗುತ್ತದೆ.

ನಾವು ಹಿಡಿದಿರುವ ದಾರಿ ಹೀಗಿದೆ. ಮೂಲದಲ್ಲಿ ಏನನ್ನೂ ಅಳಿಸುವುದಿಲ್ಲ, ತಿದ್ದುವುದಿಲ್ಲ. ನೂರು ವರ್ಷಕ್ಕಿಂತ ಈಚಿನ ಪುಟಗಳ ಚಿತ್ರವನ್ನು ಹೊರಗೆ ಹಾಕುವುದಿಲ್ಲ. ಅದಕ್ಕಿಂತ ಹಳೆಯದರಲ್ಲೂ ಜಾತಿಯ ಕಲಂ ಇರುವ ಪುಟವನ್ನು ಆ ಕುಟುಂಬದವರೇ ಬಂದು ಕೇಳಿದರೆ ಅಥವಾ ಸಂಶೋಧಕರು ಸಭಾಪಾಲಕರ ಒಪ್ಪಿಗೆ ತಂದರೆ ತೋರಿಸುತ್ತೇವೆ. ಕೆಲವು ಮನೆಗಳವರು ‘ನಮ್ಮ ಅಜ್ಜ ಜೀತದಿಂದ ಬಂದವರು ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ’ ಎನ್ನುತ್ತಾರೆ. ಅವರಿಗೆ ಹಾಗೆಯೇ ಬರೆದುಕೊಡುತ್ತೇವೆ.

ಹಿರಿಯರ ಮಾತನ್ನು ದಾಖಲಿಸುವುದು ಹೇಗೆ? ಕೇಳಿದರೆ ‘ನನಗೇನೂ ಗೊತ್ತಿಲ್ಲ’ ಎನ್ನುತ್ತಾರೆ.

‘ಸಭೆಯ ಇತಿಹಾಸ ಹೇಳಿ’ ಎಂದರೆ ಯಾರೂ ಹಾಗೆಯೇ ಹೇಳುವುದು. ಕ್ರಿಸ್ಮಸ್‌ಗೆ ಏನು ಅಡುಗೆ ಮಾಡುತ್ತಿದ್ದಿರಿ, ಬೆಳೆಹಬ್ಬಕ್ಕೆ ಯಾರ ಮನೆಯಿಂದ ಏನು ಹೊತ್ತು ತರುತ್ತಿದ್ದರು, ಹರಾಜಿನಲ್ಲಿ ಬಾಳೆಗೊನೆ ಎಷ್ಟಕ್ಕೆ ಹೋಗುತ್ತಿತ್ತು, ಇಗರ್ಜಿಯಲ್ಲಿ ಯಾರು ಯಾವ ಬೆಂಚಿನಲ್ಲಿ ಕೂರುತ್ತಿದ್ದರು ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಇಡೀ ಸಮಾಜಶಾಸ್ತ್ರ ಇರುತ್ತದೆ. ಅಜ್ಜಿಯರನ್ನು ಗಂಡಸರಿಲ್ಲದ ಹೊತ್ತಿನಲ್ಲಿ ಮಾತಾಡಿಸಿ. ಪಕ್ಕದಲ್ಲಿ ಅಜ್ಜ ಇದ್ದರೆ ಅವರೇ ಉತ್ತರ ಹೇಳಿಬಿಡುತ್ತಾರೆ. ಮನೆಯಲ್ಲಿ ತುಳು, ಮಲಯಾಳಂ, ತಮಿಳು, ಕೊಡವ ತಕ್ಕ್ ಯಾವುದು ಸಲೀಸೋ ಅದರಲ್ಲೇ ಮಾತಾಡಲಿ, ಕನ್ನಡಕ್ಕೆ ಆಮೇಲೆ ತರೋಣ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಾತಾಡುವವರ ಹತ್ತಿರ ಬಟ್ಟೆಯ ಮೇಲೆ ಇಡಿ. ತಗಡಿನ ಮಾಡಿನ ಕೆಳಗೆ ಜುಲೈಯಲ್ಲಿ ಧ್ವನಿಮುದ್ರಣಕ್ಕೆ ಹೋಗಬೇಡಿ, ಮಳೆಯ ಇತಿಹಾಸ ಮಾತ್ರ ಕೇಳಿಸುತ್ತದೆ. ಮೊದಲಿಗೆ ಒಪ್ಪಿಗೆ ಕೇಳಿ, ಅದನ್ನೂ ಮುದ್ರಿಸಿಕೊಳ್ಳಿ.

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಎಲ್ಲ ಇದೆಯಲ್ಲ?

ಸಂಚಿಕೆಯ ಅರ್ಧ ಜಾಹೀರಾತು, ಕಾಲುಭಾಗ ಗಣ್ಯರ ಸಂದೇಶ. ಉಳಿದದ್ದರಲ್ಲಿ ಬಹುಪಾಲು ಹಿಂದಿನ ಸಂಚಿಕೆಯಿಂದ ಎತ್ತಿದ್ದು; ತಪ್ಪು ವರ್ಷ ಒಮ್ಮೆ ಅಚ್ಚಾದರೆ ಮುಂದಿನ ಸಂಚಿಕೆಗಳೆಲ್ಲ ಅದನ್ನೇ ಹಾಡುತ್ತವೆ. ಆದರೂ ಎಸೆಯಬೇಡಿ. ಅದರಲ್ಲಿ ಗುಂಪು ಫೋಟೊಗಳು ಇರುತ್ತವೆ, ಫೋಟೊದ ಕೆಳಗೆ ಎಡದಿಂದ ಬಲಕ್ಕೆ ಹೆಸರುಗಳಿರುತ್ತವೆ. ಆ ಹೆಸರುಗಳಿಗೆ ನಾವು ಋಣಿಗಳು. ನಿಮ್ಮ ಮನೆಯ ಗೋಡೆಯಲ್ಲಿರುವ ಗುಂಪು ಫೋಟೊದ ಹಿಂದೆಯೂ ಈ ವಾರವೇ ಪೆನ್ಸಿಲ್‌ನಲ್ಲಿ ಹೆಸರು ಬರೆದಿಡಿ. ಗುರುತಿಸಬಲ್ಲವರು ಎಂಬತ್ತು ದಾಟಿದ್ದಾರೆ.

ಸಭೆಯಲ್ಲಿ ಹಿಂದೆ ನಡೆದ ಜಗಳ, ಬಹಿಷ್ಕಾರ ಇವನ್ನೂ ಬರೆಯಬೇಕೆ?

ಬರೆಯಬೇಕು. ಸಭಾಶಿಸ್ತಿನ ಹೆಸರಿನಲ್ಲಿ ಹೊರಗಿಟ್ಟವರ ಪಟ್ಟಿ ತೆಗೆದರೆ ನಡವಳಿ ಪುಸ್ತಕದಲ್ಲಿ ಪೆಟ್ರೋಮ್ಯಾಕ್ಸ್ ರಿಪೇರಿಯ ಖರ್ಚು ಮಾತ್ರ ಉಳಿಯುತ್ತದೆ. ಬದುಕಿರುವವರ ಮಾನಕ್ಕೆ ತಾಗುವುದನ್ನು ಮುಚ್ಚಿಡುತ್ತೇವೆ; ಸತ್ತವರನ್ನೆಲ್ಲ ಸಂತರನ್ನಾಗಿ ಮಾಡುವ ಗುತ್ತಿಗೆ ನಾವು ಹಿಡಿದಿಲ್ಲ.

ನಾವು ಕೊಟ್ಟ ಪುಸ್ತಕ ಯಾರದಾಗುತ್ತದೆ? ಮಂಗಳೂರಿಗೆ ಸಾಗಿಸಿಬಿಡುತ್ತೀರಾ?

ನಿಮ್ಮದು ನಿಮ್ಮದೇ. ನಾವು ಚಿತ್ರ ತೆಗೆದು, ಒಂದು ರಸೀದಿ ಬರೆದುಕೊಟ್ಟು, ಪುಸ್ತಕ ಮರಳಿಸುತ್ತೇವೆ. ನೋಡಿಕೊಳ್ಳಲು ಆಗದು ಎಂದು ನಿಮಗೇ ಅನಿಸಿದರೆ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ ಇದೆ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರವೂ ಇದೆ. ಕೊಡುವ ಮೊದಲು ಶರತ್ತುಗಳನ್ನು ಬರಹದಲ್ಲಿ ಇಟ್ಟುಕೊಳ್ಳಿ. ಮದುವೆ ದಾಖಲೆ ಪುಸ್ತಕದ ಮಾತು ಬೇರೆ: 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಇಡುವ ಪುಸ್ತಕ ಅದು, ಯಾರೊಬ್ಬರ ಸ್ವಂತ ಆಸ್ತಿಯಲ್ಲ. ಹಿಂದಿನ ಸಭಾಪಾಲಕರೊಬ್ಬರ ಮನೆಯಲ್ಲಿ ಅಂಥದ್ದು ಉಳಿದಿದ್ದರೆ ಸದ್ದಿಲ್ಲದೆ ಸಭೆಗೆ ಮರಳಿಸಿ, ಯಾರೂ ಪ್ರಶ್ನೆ ಕೇಳುವುದಿಲ್ಲ.

ಹಳೆಯ ಫೋಟೊ, ಪುಸ್ತಕಗಳನ್ನು ನಮ್ಮ ಸಂಚಿಕೆಯಲ್ಲಿ ಅಚ್ಚುಹಾಕಬಹುದೆ?

ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಬರಹದ ಹಕ್ಕುಸ್ವಾಮ್ಯ ಮುಗಿಯುತ್ತದೆ. 1881ರಲ್ಲಿ ತೀರಿಕೊಂಡ ಮೋಗ್ಲಿಂಗರ ಪುಸ್ತಕಕ್ಕೆ ಯಾರನ್ನೂ ಕೇಳಬೇಕಿಲ್ಲ. ಬಾಸೆಲ್ ಪತ್ರಾಗಾರದ ಫೋಟೊಗಳಿಗೆ ಅವರದೇ ನಿಯಮಗಳಿವೆ. ಒಂದು ಇಮೇಲ್ ಬರೆದು ಕೇಳಿ.

ನಮ್ಮ ಸಭೆಯಲ್ಲಿ ಏನೂ ಉಳಿದಿಲ್ಲ. ಆದರೂ ಬರುತ್ತೀರಾ?

ಬರುತ್ತೇವೆ. ಗಂಟೆಯ ಮೇಲಿನ ಅಚ್ಚು, ಬೆಂಚಿನ ಕೆಳಗೆ ಕೊರೆದ ಹೆಸರು, ರಾತ್ರಿಭೋಜನದ ಬಟ್ಟಲು, ಮಾಡಿನ ಮಂಗಳೂರು ಹೆಂಚಿನ ಹಿಂದಿನ ಕಾರ್ಖಾನೆ ಗುರುತು, ಇವನ್ನೆಲ್ಲ ‘ಏನೂ ಇಲ್ಲ’ದ ಪಟ್ಟಿಗೆ ಸೇರಿಸುವವರೇ ಹೆಚ್ಚು. ಇಗರ್ಜಿಯ ಹಿಂದಿನ ಸಣ್ಣ ಕೋಣೆಯ ಬೀರು ತೆರೆಸಿ ಇಡಿ, ಬೀಗದ ಕೈ ಕಳೆದುಹೋಗಿದ್ದರೆ ಬೀಗ ಒಡೆಯುವವರನ್ನೂ ಹೇಳಿಡಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಯಾವ ಶನಿವಾರವಾದರೂ ಸರಿ. ಕಾಫಿ ಕುಯ್ಲಿನ ವಾರಗಳಲ್ಲಿ ನಿಮಗೂ ಪುರುಸೊತ್ತಿರುವುದಿಲ್ಲ, ನಮಗೂ ಇರುವುದಿಲ್ಲ. ಆ ವಾರಗಳನ್ನು ಬಿಟ್ಟು ಹೇಳಿ.